ಏಮೋಸನ ಕಪಾಟು

ಹತ್ತೊಂಬತ್ತನೆಯ ಶತಮಾನದ ಅಮೆರಿಕ. ನದಿ ದಂಡೆಯ ಒಂದೂರಲ್ಲಿ ಅಬ್ನರ್ ಎಂಬ ಮುದಿ ಚಿತ್ರಕಾರನಿದ್ದ. ಅವನ ಶಿಷ್ಯ ಏಮೋಸ್.

ಏಮೋಸನ ಕೈ ಪಳಗಿತ್ತು, ಹೊಟ್ಟೆ ಮಾತ್ರ ತುಂಬುತ್ತಿರಲಿಲ್ಲ. ಧಣಿಗಳು ತಿಂಗಳುಗಟ್ಟಲೆ ಎದುರು ಕೂತು ಮುಖ ಬರೆಸಿಕೊಳ್ಳುತ್ತಿದ್ದರು. ಕೊನೆಗೆ ಮೂಗು ಸರಿಯಿಲ್ಲವೆಂದು ಚಿತ್ರವನ್ನು ವಾಪಸು ಕಳಿಸುತ್ತಿದ್ದರು.

ಒಂದು ಚಳಿಗಾಲ ರೋಸಿಹೋಗಿ ಅವನು ತನ್ನ ಕಪಾಟನ್ನೇ ಚಿತ್ರವಾಗಿ ಬರೆದ. ಒಣಗಿದ ಅರ್ಧ ಬ್ರೆಡ್ಡು, ಒಂದು ಲೋಟ ನೀರು, ರಟ್ಟು ಕಿತ್ತುಹೋದ ನಾಲ್ಕು ಪುಸ್ತಕ. ಅಷ್ಟೇ.

ಹತ್ತಿ ವ್ಯಾಪಾರಿ ಹ್ಯಾರೋ ಅದನ್ನು ಕೊಂಡುಕೊಂಡ. ಊಟದ ಕೋಣೆಯಲ್ಲಿ ತೂಗುಹಾಕಿ, ಭಾನುವಾರ ಮಧ್ಯಾಹ್ನದ ಔತಣಕ್ಕೆ ಏಮೋಸನನ್ನೂ ಕರೆದ.

ಊಟ ಮುಗಿಯುವ ಮೊದಲೇ ಏಮೋಸ್ ಎದ್ದು ಬಂದ. ಗುರು ಅಂಗಳದಲ್ಲಿ ಬಣ್ಣ ಅರೆಯುತ್ತಿದ್ದ.

"ನಕ್ಕರು ಗುರುಗಳೇ! ಬಾಯಿ ತುಂಬ ಮಾಂಸ ಇಟ್ಟುಕೊಂಡು ನಕ್ಕರು. 'ನೋಡಿ, ಕಲಾವಿದನ ಅರಮನೆ' ಅಂದ ಆ ಹ್ಯಾರೋ. ನನ್ನ ಹಸಿವು ಅವನಿಗೆ ಉಪ್ಪಿನಕಾಯಿ ಆಯ್ತು!"

ಗುರು ಅರೆಯುತ್ತಲೇ ಇದ್ದ.

"ಇವತ್ತೇ ಹೋಗಿ ಆ ಚಿತ್ರಾನ ಸುಟ್ಟುಹಾಕ್ತೀನಿ. ಜೈಲಿಗೆ ಹಾಕಲಿ, ಪರವಾಗಿಲ್ಲ."

"ಸುಡು."

ಏಮೋಸನಿಗೆ ಮೈಯೆಲ್ಲ ಉರಿದುಹೋಯಿತು. "ನಿಮಗೆ ಸಿಟ್ಟೇ ಬರಲ್ವಾ?"

"ಎಲ್ಲರೂ ನಕ್ಕರಾ?"

"ಎಲ್ಲರೂ." ಏಮೋಸ್ ಮುಖ ತಿರುಗಿಸಿದ. "ತಟ್ಟೆ ಎತ್ತುವ ಮುದುಕಿ ಒಬ್ಬಳು ನಗಲಿಲ್ಲ."

"ಏನು ಮಾಡಿದಳು?"

"ತಟ್ಟೆ ಹಿಡಕೊಂಡು ಚಿತ್ರದ ಆ ಬ್ರೆಡ್ಡನ್ನೇ ನೋಡ್ತಾ ನಿಂತುಬಿಟ್ಟಳು. ಧಣಿ ಗದರಿದರೂ ಅಲುಗಲಿಲ್ಲ. ಕೆಲಸದಿಂದ ತೆಗೀತೀನಿ ಅಂದ. ಆಗಲೂ ನೋಡ್ತಾನೇ ಇದ್ದಳು."

"ನೀನೇನು ಮಾಡಿದೆ?"

"ನಾನಾ? ನನಗಾದ ಅವಮಾನಕ್ಕೆ ಅವರ ಮುಖಕ್ಕೆ ಉಗಿದು ಬಂದೆ."

"ಅವಳ ಪರವಾಗಿ?"

"ಅವಳ ಪರವಾಗಿ ಏನೂ ಅನ್ನಲಿಲ್ಲ," ಅಂದ ಏಮೋಸ್.

ಗುರು ಅರೆಯುವ ಕಲ್ಲನ್ನು ನೆಲಕ್ಕೆ ಕುಕ್ಕಿದ. ಇಷ್ಟು ವರ್ಷಗಳಲ್ಲಿ ಆ ಮುಖದ ಮೇಲೆ ಅಂಥ ಸಿಟ್ಟನ್ನು ಶಿಷ್ಯ ಕಂಡಿರಲಿಲ್ಲ.

"ಆ ಚಿತ್ರ ಹ್ಯಾರೋನದೂ ಅಲ್ಲ, ಇನ್ನು ನಿನ್ನದೂ ಅಲ್ಲ. ಸುಡಲೇಬೇಕು ಅಂತಿದ್ದರೆ, ಹೋಗು, ಮೊದಲು ಆ ಮುದುಕಿಯನ್ನು ಕೇಳು."