ಓಲೆಕಾರನ ಮೀನಂಗಿ

"ಅಯ್ಯನವರೇ, ಉಡುಗೆಗೆ ಶಕ್ತಿ ಇದೆಯೇ?"

ಹೊಳೆಮಠದ ಶಂಭಯ್ಯ ಹೀಗೆ ಕೇಳಿದ. ಅವನಿಗೆ ಕಾವಿ ಸಿಕ್ಕಿದ್ದು ಹೊಸತು. ಬಿಳಿ ಪಂಚೆ ಉಟ್ಟು ಧ್ಯಾನಕ್ಕೆ ಕೂತರೆ ಮನಸ್ಸು ಅಡುಗೆಮನೆಗೆ ಹೋಗುತ್ತದೆ, ಕಾವಿ ಉಟ್ಟು ಕೂತರೆ ಅಲ್ಲಾಡದೆ ನಿಲ್ಲುತ್ತದೆ ಎಂದ. ಹಾಗೂ ಕೂತು ನೋಡಿದ್ದೇನೆ, ಹೀಗೂ ಕೂತು ನೋಡಿದ್ದೇನೆ, ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ ಎಂದೂ ಸೇರಿಸಿದ.

ಅಯ್ಯನವರು ಜಗಲಿಯ ಮೇಲೆ ಕೂತು ಹುರಿ ಹೊಸೆಯುತ್ತಿದ್ದರು. ಕೊಟ್ಟಿಗೆಯ ಸಗಣಿ ತೆಗೆ ಎಂದು ಶಂಭಯ್ಯನಿಗೆ ಬೆಳಿಗ್ಗೆಯೇ ಹೇಳಿದ್ದರು. ಬಿಸಿಲೇರಿದ್ದರೂ ಸಗಣಿ ಅಲ್ಲೇ ಇತ್ತು. ಶಂಭಯ್ಯ ಕಾವಿಯಲ್ಲೇ ಇದ್ದ.

"ಪರೀಕ್ಷೆಯನ್ನೇ ಮಾಡಿಬಿಟ್ಟೆಯಾ? ಭಲೆ!" ಎಂದರು ಅಯ್ಯನವರು. "ಹಾಗಾದರೆ ನಿನ್ನ ಹಾಗೆ ಪರೀಕ್ಷೆ ಮಾಡಿದ ಇನ್ನೊಬ್ಬನ ಕತೆ ಕೇಳು. ಕೂತುಕೋ. ಸಗಣಿ ಎಲ್ಲಿಗೂ ಓಡಿಹೋಗುವುದಿಲ್ಲ."

ಒಂದು ಗುಡ್ಡ. ಗುಡ್ಡದ ಮೇಲೆ ಕೋಟೆ. ಗುಡ್ಡದ ಮುಂದೆ ಬಯಲು, ಬಯಲಿನ ಅಂಚಿಗೆ ಹೊಳೆ. ಹೊಳೆಯ ಈಚೆಯ ಸುದ್ದಿಯನ್ನು ಕೋಟೆಗೆ ಮುಟ್ಟಿಸಲು ಒಬ್ಬ ಓಲೆಕಾರನಿದ್ದ. ಅವನು ಮೊದಲು ಹೊಳೆ ಈಜಬೇಕು. ಆಚೆ ದಡದಲ್ಲಿ ಕುದುರೆ ಹತ್ತಿ ಬಯಲು ದಾಟಬೇಕು. ಕುದುರೆ ಗುಡ್ಡ ಹತ್ತುವುದಿಲ್ಲ, ಅಲ್ಲಿಂದ ಮೆಟ್ಟಿಲು ಓಡಿ ಕೋಟೆಯ ಬಾಗಿಲು ಮುಟ್ಟಬೇಕು. ಮೂರೂ ಒಂದೇ ಉಸಿರಿನಲ್ಲಿ. ದಾರಿಯಲ್ಲಿ ಅವನನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಓಲೆ ಕೈ ಬದಲಾಯಿತೆಂದೇ ಲೆಕ್ಕ. ಆ ಸೀಮೆಯ ಕಟ್ಟಳೆ ಅದು.

ಮಳೆಗಾಲ ಕಳೆದು ಹೊಳೆ ತಿಳಿಯಾದ ಮೇಲೆ ವರ್ಷಕ್ಕೊಮ್ಮೆ ಅದೇ ದಾರಿಯಲ್ಲಿ, ಅದೇ ಕಟ್ಟಳೆಯಲ್ಲಿ ಪಂದ್ಯ ನಡೆಯುತ್ತಿತ್ತು. ಯಾರು ಮೊದಲು ಕೋಟೆಯ ಬಾಗಿಲು ಮುಟ್ಟುತ್ತಾರೋ ಆ ವರ್ಷ ಗೆಜ್ಜೆಕೋಲು ಅವರದು. ಕೋಲು ಹಿಡಿದವನೇ ಓಲೆಕಾರ. ಓಬಣ್ಣ ಎಂಬವನು ಹರೆಯದಿಂದಲೂ ಆ ಕೋಲು ಹಿಡಿದಿದ್ದ. ಅದಕ್ಕೆ ಮೊದಲು ಅವನ ಅಪ್ಪನ ಕೈಯಲ್ಲಿತ್ತು. ಅವನ ಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲೇ ಕೋಲಿಗೊಂದು ಗೂಟ.

ಈಗ ಓಬಣ್ಣನ ಮೀಸೆ ನರೆತಿತ್ತು. ಕಾಟಯ್ಯ ಎಂಬ ಹುಡುಗ ಹೋದ ವರ್ಷ ಅವನ ಬೆನ್ನ ಹಿಂದಿನ ಮೆಟ್ಟಿಲಿನವರೆಗೂ ಬಂದಿದ್ದ. ಅವತ್ತಿನಿಂದ ಓಬಣ್ಣನಿಗೆ ಅನ್ನ ರುಚಿಸಲಿಲ್ಲ. ಹೊಲವಿತ್ತು, ಹೊಟ್ಟೆಗೆ ಬಟ್ಟೆಗೆ ಕೊರತೆ ಇರಲಿಲ್ಲ. ಕೋಲು ಹೋಗುತ್ತದಲ್ಲ ಎಂಬುದೊಂದೇ ಭಯ.

"ಕೋಲು ಹೋದರೆ ಆ ಗೂಟಕ್ಕೆ ಏನು ನೇತುಹಾಕಲಿ?" ಎಂದು ಹೆಂಡತಿ ಪಾಲಕ್ಕನನ್ನು ಕೇಳುತ್ತಿದ್ದ.

"ನಿನ್ನ ಮೋರೆ ನೇತುಹಾಕು. ಹೇಗೂ ಜೋತುಬಿದ್ದಿದೆ," ಎನ್ನುತ್ತಿದ್ದಳು ಪಾಲಕ್ಕ. ಅವಳಿಗೂ ಸಂಕಟವಿತ್ತು. ತೋರಿಸುವವಳಲ್ಲ, ಅಷ್ಟೇ.

ಹಾಗಿರುವಾಗ ಊರಿಗೆ ಒಬ್ಬ ನೇಕಾರ ಬಂದ. ರೇಷ್ಮೆಗೆ ಜೇನುಮೇಣ ತಿಕ್ಕಿ, ಕವಡೆಯಿಂದ ಉಜ್ಜಿ ಹೊಳಪು ಬರಿಸಿದ ಒಂದು ಅಂಗಿ ತಂದಿದ್ದ. ಕುತ್ತಿಗೆಯಿಂದ ಮೊಣಕಾಲವರೆಗೆ ಮೈಗೆ ಅಂಟಿ ಕೂರುತ್ತಿತ್ತು. ಬೆನ್ನಿನಲ್ಲಿ ಲಾಡಿ ಕಟ್ಟಬೇಕು. ನೀರಿನ ಹನಿ ಹಾಕಿದರೆ ನಿಲ್ಲದೆ ಜಾರಿತು. ಅವನು ಅದಕ್ಕೆ ಮೀನಂಗಿ ಎಂದು ಹೆಸರಿಟ್ಟಿದ್ದ.

"ಇದು ತೊಟ್ಟರೆ ನೀರಿನಲ್ಲಿ ಮುಂದೆ ಹೋಗುತ್ತೀಯ," ಎಂದ ನೇಕಾರ. "ನೀರಿನಾಚೆಯದು ನನಗೆ ಗೊತ್ತಿಲ್ಲ."

ಓಬಣ್ಣನ ಕಿವಿಗೆ ಮೊದಲ ಮಾತು ಹೊಕ್ಕಿತು. ಎರಡನೆಯದು ಹೊರಗೇ ಉಳಿಯಿತು. ಆದರೂ ಅವನು ದಡ್ಡನಲ್ಲ. ಹೇಳಿದವರ ಮಾತು ಕೇಳಿ ಹಳ್ಳಕ್ಕೆ ಬೀಳುವವನಲ್ಲ. ಅಳೆದು ನೋಡೇ ನಂಬುತ್ತೇನೆ ಎಂದ.

ಅಳೆಯಲು ಮನೆಯಲ್ಲಿ ಗಳಿಗೆ ಬಟ್ಟಲಿತ್ತು. ತಾಮ್ರದ್ದು, ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರಿನ ಮೇಲೆ ತೇಲಿಬಿಟ್ಟರೆ ಮೆಲ್ಲಗೆ ತುಂಬುತ್ತದೆ. ಹೊತ್ತು ಹೆಚ್ಚಾದಷ್ಟೂ ಒಳಗೆ ನೀರು ಹೆಚ್ಚು. ಪಾಲಕ್ಕ ಈಚೆ ದಡದಲ್ಲಿ ಅವನಿಗೆ ಲಾಡಿ ಕಟ್ಟಿ, ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗಿ, ಒಂದು ಕೊಡದ ನೀರಿನಲ್ಲಿ ಬಟ್ಟಲು ಬಿಟ್ಟು ಸೆರಗು ಬೀಸುವಳು. ಓಬಣ್ಣ ಹಾರುವನು. ಅವನ ಕೈ ಆಚೆ ದಡದ ಕಲ್ಲು ಮುಟ್ಟಿದ ಕೂಡಲೇ ಅವಳು ಬಟ್ಟಲು ಎತ್ತಿ, ಬೆರಳಿಟ್ಟು ನೀರು ಅಳೆಯುವಳು. ಆಮೇಲೆ ಬಂದು ಗಂಡನ ಬೆನ್ನಿನ ಗಂಟು ಬಿಚ್ಚುವಳು.

ಒಂದು ದಿನ ಅಂಗಿ ತೊಟ್ಟು, ಒಂದು ದಿನ ಬರಿಮೈಯಲ್ಲಿ, ಹೀಗೆ ಸರದಿಯ ಮೇಲೆ ಈಜಿದ. ಅಂಗಿ ತೊಟ್ಟ ದಿನವೆಲ್ಲ ಬಟ್ಟಲಿನಲ್ಲಿ ನೀರು ಒಂದು ಬೆರಳು ಕಡಿಮೆ. ಒಂದು ಬೆರಳೆಂದರೆ ಸಾಮಾನ್ಯವೇ? ಓಬಣ್ಣ ಹಿಗ್ಗಿ ಹೀರೇಕಾಯಿಯಾದ. ಈ ಸಲ ಕಾಟಯ್ಯ ನನ್ನ ಬೆನ್ನೂ ಕಾಣುವುದಿಲ್ಲ ಎಂದ.

ಪಾಲಕ್ಕ ನಗಲಿಲ್ಲ. "ಒಂದು ಮಾತು ಹೇಳಲಾ? ಸಿಟ್ಟಾಗಬೇಡ. ಅಂಗಿ ತೊಡುವ ದಿನ ನೀನು ಎಣ್ಣೆನೀರು ಹಾಕಿಕೊಳ್ಳುತ್ತೀಯ. ಬರಿಮೈಯ ದಿನ ಹಾಕಿಕೊಳ್ಳುತ್ತೀಯಾ?"

"ಹೊಸ ಬಟ್ಟೆಯನ್ನು ಎಣ್ಣೆನೀರಿಲ್ಲದೆ ಯಾರಾದರೂ ತೊಡುತ್ತಾರೇನೇ? ಒಳ್ಳೆಯ ಕತೆ!"

"ಎಣ್ಣೆನೀರಿಲ್ಲದೆ ತೊಡಬೇಡ, ಸರಿ. ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವವಳು ನಾನು. ಆಮೇಲೆ ಬಿಸಿ ಅನ್ನ, ತುಪ್ಪ. ಒಂದು ನಿದ್ದೆ. ಎದ್ದು ಹೊಳೆಗೆ ಹೋಗುತ್ತೀಯ. ಬರಿಮೈಯ ದಿನ ನೇಗಿಲು ಬಿಟ್ಟವನು ನೇರ ಹೊಳೆಗೆ ಬೀಳುತ್ತೀಯ. ಗೆಲ್ಲುತ್ತಿರುವುದು ಅಂಗಿಯೋ, ನನ್ನ ಎಣ್ಣೆಯೋ?"

ಓಬಣ್ಣನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನೋಡು ಶಂಭಯ್ಯ, ಅವನು ಮೋಸ ಮಾಡಿರಲಿಲ್ಲ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನು ಮಾಡಿದ್ದ. ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಒಳ್ಳೆಯವನು, ಹಟ ಮಾಡಲಿಲ್ಲ. ಮತ್ತೆ ಮೊದಲಿನಿಂದ ಅಳೆದ. ಈಗ ಎರಡು ಬಗೆಯ ದಿನವೂ ಎಣ್ಣೆನೀರು, ಎರಡು ದಿನವೂ ತುಪ್ಪದನ್ನ, ಎರಡು ದಿನವೂ ನಿದ್ದೆ. ಆ ಒಂದು ಬೆರಳು ಕರಗಿಹೋಯಿತು. ಆದರೆ ಪೂರ್ತಿ ಕರಗಲಿಲ್ಲ. ಅಂಗಿ ತೊಟ್ಟ ದಿನ ಗೋಧಿಕಾಳಿನಷ್ಟು ನೀರು ಕಡಿಮೆಯೇ ಇತ್ತು. ಎಷ್ಟು ಸಲ ಈಜಿದರೂ ಆ ಗೋಧಿಕಾಳು ತಪ್ಪಲಿಲ್ಲ.

"ನೋಡಿದೆಯಾ? ಗೋಧಿಕಾಳಿನಷ್ಟಾದರೂ ನಿಜ," ಎಂದ ಓಬಣ್ಣ.

"ನಿಜ," ಎಂದು ಪಾಲಕ್ಕನೂ ಒಪ್ಪಿದಳು. ಹೋದ ವರ್ಷ ಗೆದ್ದದ್ದೂ ಅಷ್ಟರಲ್ಲೇ ಅಲ್ಲವೇ?

ಪಂದ್ಯದ ದಿನ ಬಂತು. ಪಾಲಕ್ಕ ಗಂಡನಿಗೆ ಮೀನಂಗಿ ತೊಡಿಸಿದಳು. ಇವತ್ತು ಸಡಿಲವಾಗಬಾರದು ಎಂದು ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು. ಆಮೇಲೆ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗಿ ಜನರ ನಡುವೆ ನಿಂತಳು. ಕೊಂಬು ಊದಿದರು. ಎಲ್ಲರೂ ಹಾರಿದರು.

ಓಬಣ್ಣನಿಗೆ ನೀರು ದಾರಿ ಬಿಟ್ಟಂತಾಯಿತು. ನಡುಹೊಳೆಯಲ್ಲೇ ಕಾಟಯ್ಯನನ್ನು ದಾಟಿದ. ಆಚೆ ದಡದ ಕಲ್ಲಿಗೆ ಮೊದಲು ಬಿದ್ದ ಕೈ ಅವನದೇ. ಎದ್ದು ಓಡಿ ಕುದುರೆಯ ಮೇಲೆ ಹಾರಿದ. ಒಂದು ಬದಿಯಿಂದ ಹತ್ತಿದವನು ಇನ್ನೊಂದು ಬದಿಯಿಂದ ಕೆಳಗೆ ಬಿದ್ದ. ನೀರಿನಲ್ಲಿ ಜಾರುವ ಬಟ್ಟೆ ಕುದುರೆಯ ಬೆನ್ನ ಮೇಲೆ ಜಾರದೆ ಇರುತ್ತದೆಯೇ? ಜನ ಗೊಳ್ಳೆಂದು ನಕ್ಕರು.

ಅಂಗಿ ಬಿಚ್ಚಲೇಬೇಕು. ಕೈ ಹಿಂದಕ್ಕೆ ತಿರುಗಿಸಿದ. ರೇಷ್ಮೆಯ ಲಾಡಿ ನೆನೆದು ಬಿಗಿದಿತ್ತು. ಬೆರಳು ಗಂಟನ್ನು ಸವರಿತೇ ಹೊರತು ಹಿಡಿಯಲಿಲ್ಲ. ಎಷ್ಟೊಂದು ಸಲ ಈಜಿ ಅಳೆದಿದ್ದ, ಒಂದು ಸಲವೂ ಈ ಗಂಟನ್ನು ತಾನೇ ಬಿಚ್ಚಿರಲಿಲ್ಲ. ಪಾಲಕ್ಕ ಬಿಚ್ಚುವ ಹೊತ್ತಿಗೆ ಬಟ್ಟಲು ಆಗಲೇ ಕೊಡದಿಂದ ಹೊರಗಿರುತ್ತಿತ್ತು. ಆ ಹೊತ್ತನ್ನು ಯಾರೂ ಅಳೆದಿರಲಿಲ್ಲ.

ತಲೆಯೆತ್ತಿದರೆ ಕೈಯಳತೆಯಲ್ಲೇ ಪಾಲಕ್ಕ. ಗಂಟು ಹಾಕಿದ ಬೆರಳು, ಬಿಚ್ಚುವ ಬಗೆ ಬಲ್ಲ ಬೆರಳು. ಮುಟ್ಟುವಂತಿಲ್ಲ. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಎಡಕ್ಕೆ ಎಳೆ! ಅಯ್ಯೋ, ಎಡಕ್ಕೆ!" ಎಂದು ಕೂಗಿದಳು.

ಅವನು ಎಡಕ್ಕೆ ಎಳೆದ. ಗಂಟು ಇನ್ನೂ ಬಿಗಿಯಿತು. ಅಷ್ಟರಲ್ಲಿ ಕಾಟಯ್ಯ ದಡ ಹತ್ತಿ, ಸೊಂಟದ ಒದ್ದೆ ಲಂಗೋಟಿಯಲ್ಲೇ ಕುದುರೆ ಏರಿ ಹೋದ. ಗೊರಸಿನ ಸದ್ದು ದೂರವಾಗುವುದನ್ನು ಓಬಣ್ಣ ಬಗ್ಗಿ ನಿಂತೇ ಕೇಳಿದ. ಕೊನೆಗೆ ದಡದ ಕಲ್ಲಿನ ಮೂಲೆಗೆ ಬೆನ್ನು ಉಜ್ಜಿ ಉಜ್ಜಿ ಲಾಡಿ ಹರಿದ. ಬೆನ್ನಿನ ತೊಗಲೂ ಹರಿಯಿತು.

ಆಮೇಲೆ ಅವನು ಹೋದ ಬಗೆಯನ್ನು ಆ ಊರಿನವರು ಇವತ್ತಿಗೂ ಹೇಳುತ್ತಾರಂತೆ. ಬಯಲಿನಲ್ಲಿ ಧೂಳೆಬ್ಬಿಸಿಕೊಂಡು ಬಂದ. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ಕಾಟಯ್ಯನ ಕೈ ಕೋಟೆಯ ಬಾಗಿಲನ್ನು ಮುಟ್ಟಿದಾಗ ಓಬಣ್ಣನ ಕೈ ಕಾಟಯ್ಯನ ಬೆನ್ನ ಹತ್ತಿರವಿತ್ತು. ಬರಿಮೈಯಲ್ಲಿ ಬಂದಿದ್ದರೆ ಗೆಲ್ಲುತ್ತಿದ್ದ. ಅದು ಅವನಿಗೂ ಗೊತ್ತಾಯಿತು, ಕಾಟಯ್ಯನಿಗೂ ಗೊತ್ತಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೋಲು ಕಾಟಯ್ಯನ ಮನೆಗೆ ಹೋಯಿತು.

ಗುಡ್ಡದ ಬುಡದಲ್ಲಿ ಪಾಲಕ್ಕ ಕಾಯುತ್ತಿದ್ದಳು. ಈಗ ಮುಟ್ಟಬಹುದಿತ್ತು. ಅವನ ಬೆನ್ನಿನ ರಕ್ತ ಒರೆಸುತ್ತಾ, "ನಾನು ಆ ಇನ್ನೊಂದು ಗಂಟು ಹಾಕಬಾರದಿತ್ತು," ಎಂದಳು.

"ಬಿಡೇ," ಎಂದ ಓಬಣ್ಣ. "ನೀನು ಹಾಕಿದ್ದು ಗಂಟು. ಅಂಗಿ ತೊಟ್ಟವನು ನಾನು."

ಕೆಲವು ದಿನ ಕಳೆದು ನೇಕಾರ ಅದೇ ದಾರಿಯಲ್ಲಿ ಬಂದ. ಓಬಣ್ಣ ಹರಿದ ಅಂಗಿಯನ್ನು ಅವನ ಮುಂದೆ ಎಸೆದು, "ನಿನ್ನ ಮಾತು ನಂಬಿ ಕೆಟ್ಟೆ," ಎಂದ.

ನೇಕಾರ ಕೇಳಿದ: "ಹೊಳೆಯಲ್ಲಿ ಮುಂದೆ ಇದ್ದವರು ಯಾರು?"

"ನಾನೇ."

"ಮತ್ತೆ ನಾನು ಹೇಳಿದ್ದು ಅಷ್ಟೇ ಅಲ್ಲವೇ?" ಎಂದು ನೇಕಾರ ಅಂಗಿಯನ್ನು ಮಡಿಸಿ ಎತ್ತಿಕೊಂಡು ಹೋದ. ಓಬಣ್ಣ ಒಳಗೆ ಹೋಗಿ ಖಾಲಿ ಗೂಟವನ್ನು ನೋಡುತ್ತಾ ಕೂತ.

ಅಯ್ಯನವರು ಕತೆ ನಿಲ್ಲಿಸಿ ಹುರಿಯ ತುದಿಗೆ ಗಂಟು ಹಾಕಿದರು. ಶಂಭಯ್ಯನ ಮುಖ ಅರಳಿತು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನಿಸಿತು ಅವನಿಗೆ.

"ಹಾಗಾದರೆ ಉಡುಗೆಗೆ ಶಕ್ತಿ ಇದ್ದದ್ದು ನಿಜ ತಾನೇ, ಅಯ್ಯನವರೇ?"

"ನಿಜವಪ್ಪಾ, ಗೋಧಿಕಾಳಿನಷ್ಟು ನಿನ್ನ ಕಾವಿಗೂ ಇರಬಹುದು, ಬಿಚ್ಚಲು ನಿನಗೆಷ್ಟು ಹೊತ್ತು ಬೇಕು ಎಂದು ನಾನು ಬೆಳಿಗ್ಗೆಯಿಂದ ಅಳೆಯುತ್ತಾ ಕೂತಿದ್ದೇನೆ," ಎಂದರು ಅಯ್ಯನವರು.

ಶಂಭಯ್ಯ ಎದ್ದು, ಕಾವಿ ಕಳಚಿ ಬಿಳಿ ಪಂಚೆ ಉಟ್ಟು ಕೊಟ್ಟಿಗೆಯ ಕಡೆ ನಡೆದ.