ಉಪ್ಪು ತಿನ್ನದ ಪೈಪು

ಹೇಳಿದ್ದನ್ನು ಮಾಡದ ಮಕ್ಕಳ ಕತೆ ಎಲ್ಲ ಊರಿನಲ್ಲೂ ಇದೆ. ಇದು ಹೇಳಿದ್ದನ್ನೇ ಮಾಡಿದವನ ಕತೆ.

ನಮ್ಮ ಕಡಲ ಬದಿಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ, ಮೂಕಾಂಬು ಎಂಬವಳು ಇದ್ದಳು. ಗಂಡ ತೀರಿಕೊಂಡಿದ್ದ. ಅವಳಿಗೆ ಉಳಿದದ್ದು ಒಂದು ಇಂಜಿನ್ ದೋಣಿ, ಒಬ್ಬ ಮಗ. ಮಗ ಬಚ್ಚನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. “ಹೇಳಿದ ಹಾಗೆ ಕೇಳುವ ಮಗನನ್ನು ಕೊಡು ಎಂದು ದೇವಿಗೆ ಹರಕೆ ಹೊತ್ತಿದ್ದೆ. ಹಾಗೇ ಕೊಟ್ಟುಬಿಟ್ಟಳು” ಎಂದು ಮೂಕಾಂಬು ಹಣೆ ಬಡಿದುಕೊಳ್ಳುತ್ತಿದ್ದಳು.

ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಸಮುದ್ರಕ್ಕೆ ಹಾಲೆರೆದು, ಕಾಯಿ ಬಿಟ್ಟು, ಪೂಜೆ ಮಾಡಿದ ಮೇಲೆಯೇ ಇಳಿಯುವುದು. ಆ ವರ್ಷ ಪೂಜೆ ಹತ್ತಿರ ಬಂದಾಗ ನೋಡಿದರೆ ದೋಣಿಯ ಹೊಗೆಪೈಪು ತೂತು ಬಿದ್ದಿತ್ತು. ಇಂಜಿನ್ನಿನ ಬಿಸಿ ಹೊಗೆ ಮೇಲಕ್ಕೆ ಹತ್ತಿ, ಉಪ್ಪುನೀರಿನ ಜೊತೆ ಕೂಡಿ ಹೊರಗೆ ಹೋಗುವ ಬಾಗಿದ ಪೈಪು ಅದು. ಅದು ತೂತಾದರೆ ನೀರು ತಿರುಗಿ ಇಂಜಿನ್ನಿನ ಹೊಟ್ಟೆಗೇ ಇಳಿಯುತ್ತದೆ. ನಿಮ್ಮ ಈ ಬಯಲುಸೀಮೆಯಲ್ಲಿ ಕಬ್ಬಿಣ ಮುದಿಯಾಗಿ ಸಾಯುತ್ತದೆ. ಕಡಲಿನಲ್ಲಿ ಅದಕ್ಕೆ ಅಷ್ಟು ಆಯುಸ್ಸಿಲ್ಲ.

ದೋಣಿ ನಡೆಸುವ ತಾಂಡೇಲ ಸುಕ್ರ ಬಂದು, ಅಂಗಳದಲ್ಲೇ ನಿಂತು, ಮೆಲ್ಲಗೆ ವಿಷಯ ತಿಳಿಸಿದ. ಪೂಜೆಯ ದಿನ ಇಂಜಿನ್ ಹೊರಡದಿದ್ದರೆ ಅವನ ಜನ ಬೇರೆ ದೋಣಿ ಹತ್ತುತ್ತಾರೆ. ಹತ್ತಿದವರು ಮುಂದಿನ ಮಳೆಗಾಲದವರೆಗೆ ಇಳಿಯುವುದಿಲ್ಲ. ಅವರಿಗೂ ಹೊಟ್ಟೆಯಿದೆ, ತಪ್ಪು ತಿಳಿಯಬೇಡಿ ಅಕ್ಕ, ಎಂದ. ಜನವಿಲ್ಲದ ದೋಣಿ ಕೋಳಿ ಕೂರುವ ಗೂಡು. ಮೂಕಾಂಬುವಿಗೆ ಅದು ಗೊತ್ತಿಲ್ಲವೇ?

ಅವಳಿಗೆ ಒಣಮೀನು ಮಾರುವ ಬುಟ್ಟಿ ಬಿಟ್ಟು ಹೋಗುವ ಹಾಗಿರಲಿಲ್ಲ. ಹಳೆಯ ಪೈಪನ್ನು ಮಗನ ಹೆಗಲಿಗೆ ಏರಿಸಿ, ಪಾಸ್ಕಲನ ವರ್ಕ್‌ಶಾಪಿಗೆ ಹೋಗಿ ಇಂಥದ್ದೇ ಇನ್ನೊಂದು ತಾ ಎಂದಳು.

ಹೋದ. ಪಾಸ್ಕಲ ಹೊಸ ಪೈಪುಗಳನ್ನು ಒಂದೊಂದಾಗಿ ತೋರಿಸಿದ. ಬಚ್ಚ ಒಂದೊಂದಕ್ಕೂ ಬೇಡವೆಂದು ತಲೆಯಾಡಿಸಿದ. ಇದರಲ್ಲಿ ತೂತಿಲ್ಲ, ಅದರಲ್ಲಿ ತುಕ್ಕಿಲ್ಲ. ಕೊನೆಗೆ ಗುಜರಿ ರಾಶಿಯೊಳಗೆ ಇಳಿದು ಹುಡುಕಿದ. ಅಷ್ಟೇ ತುಕ್ಕು, ಅದೇ ಜಾಗದಲ್ಲಿ ತೂತು ಇದ್ದ ಪೈಪೊಂದು ಸಿಕ್ಕಿತು. ಖುಷಿಯಿಂದ ಹೊತ್ತು ತಂದ.

“ಹೇಳಿದ ಹಾಗೆ ಮಾಡಿದೆ, ಅಬ್ಬಿ” ಎಂದು ತಾಯಿಯ ಮುಂದೆ ಇಟ್ಟ.

ಅಬ್ಬಿ ಎರಡು ಪೈಪುಗಳನ್ನೂ ನೋಡಿದಳು. ಯಾವುದು ತಮ್ಮದು ಎಂದು ಅವಳಿಗೇ ತಿಳಿಯಲಿಲ್ಲ. “ತೂತು ಇದ್ದದ್ದನ್ನು ಯಾರಾದರೂ ತರುತ್ತಾರಾ ಮಾರಾಯ? ಒಂದೇ ಒಂದು ತೂತೂ ಇರಬಾರದು. ತಿಳಿಯಿತಾ?”

ತಿಳಿಯಿತು. ಮರುದಿನ ಹೊಸ ಪೈಪು ಆರಿಸಿದ. ನಡುವೆಲ್ಲ ಸರಿಯಾಗಿತ್ತು. ಆದರೆ ಒಂದು ತುದಿಗೆ ಬಾಯಿಟ್ಟು ಊದಿದರೆ ಇನ್ನೊಂದು ತುದಿಯಿಂದ ಗಾಳಿ ಬರುತ್ತಿತ್ತು. ಈ ಕಡೆಯೊಂದು ತೂತು, ಆ ಕಡೆಯೊಂದು ತೂತು. ಎರಡಕ್ಕೂ ಬೆಸುಗೆ ಹಾಕಿ ಮುಚ್ಚು ಎಂದ. ಹಾಗಾದರೆ ಹೊಗೆ ಎಲ್ಲಿಂದ ಹೋಗಬೇಕು ಎಂದು ಪಾಸ್ಕಲ ಕೇಳಿದ. ಹೊಗೆಯ ವಿಷಯ ಅಬ್ಬಿ ಏನೂ ಹೇಳಿಲ್ಲ ಎಂದ ಬಚ್ಚ.

“ಹೇಳಿದ ಹಾಗೆ ಮಾಡಿದೆ, ಅಬ್ಬಿ.”

ಮೂಕಾಂಬು ಆ ಪೈಪಿನ ಮೇಲೆಯೇ ಕುಸಿದು ಕೂತಳು. ಒನಕೆಯಾದರೂ ಭತ್ತ ಕುಟ್ಟಲಿಕ್ಕೆ ಆಗುತ್ತಿತ್ತು, ಇದರಿಂದ ನಿನ್ನ ತಲೆ ಕುಟ್ಟಬೇಕಷ್ಟೆ ಎಂದು ಬೈದಳು. ಬೈದು ಸುಸ್ತಾಗಿ, ಬುದ್ಧಿ ಹೇಳಿದಳು. ಪೈಪಿಗೆ ಎರಡು ಬಾಯಿ ಇರಲಿ. ಕಬ್ಬಿಣವೇ ಬೇಡ, ಕಬ್ಬಿಣವನ್ನು ಉಪ್ಪು ತಿನ್ನುತ್ತದೆ. ಬಂದರಿನಲ್ಲಿ ಎಲ್ಲರೂ ಮ್ಯಾಗ್ನೆಟ್ ಹಿಡಿದು ನೋಡುತ್ತಾರಲ್ಲ, ಹಾಗೆ ನೋಡು. ಅಂಟಿದರೆ ಬಿಡು, ಅಂಟದಿದ್ದರೆ ತಾ.

ಹಳೆಯ ರೇಡಿಯೋದ ಮ್ಯಾಗ್ನೆಟ್ ಹಿಡಿದುಕೊಂಡು ಹೋದ. ಪಾಸ್ಕಲ ಮ್ಯಾಗ್ನೆಟ್ ಅಂಟದ ಒಳ್ಳೆಯ ಸ್ಟೀಲಿನ ಪೈಪನ್ನೇ ಇಕ್ಕಳದಲ್ಲಿ ಎತ್ತಿ ತೋರಿಸಿದ. ಮ್ಯಾಗ್ನೆಟ್ ಹೋಗಿ ಕಬ್ಬಿಣದ ಇಕ್ಕಳಕ್ಕೆ ಅಂಟಿತು. ಅಂಟಿತಲ್ಲ, ಬೇಡ ಎಂದು ಬಚ್ಚ ಹೊರಟೇಬಿಟ್ಟ. ದಾರಿಯಲ್ಲಿ ಯಾರದೋ ಮನೆಯ ಬಚ್ಚಲಿಗೆ ಪ್ಲಾಸ್ಟಿಕ್ ಪೈಪು ಕೂರಿಸುತ್ತಿದ್ದರು. ಅದಕ್ಕೆ ಮ್ಯಾಗ್ನೆಟ್ ಹೇಗೆ ಇಟ್ಟರೂ ಅಂಟಲಿಲ್ಲ. ಬೇಡಿ ಒಂದು ತುಂಡು ತಂದ. ತಾಯಿಗೆ ತೊಂದರೆ ಯಾಕೆ ಎಂದು ತಾನೇ ದೋಣಿಗೆ ಕಟ್ಟಿ ಇಂಜಿನ್ ಶುರು ಮಾಡಿದ.

ಪೈಪು ಮೊದಲು ಬೆವರಿತು, ಆಮೇಲೆ ಬೆಂದ ಶ್ಯಾವಿಗೆಯ ಹಾಗೆ ಜೋತುಬಿತ್ತು. ಬಂದರಿಡೀ ಮೂಗು ಮುಚ್ಚಿಕೊಂಡಿತು. ಮೀನಿನ ವಾಸನೆಯಲ್ಲೇ ಹುಟ್ಟಿ ಬೆಳೆದ ಜನ, ಅವರೇ ಮೂಗು ಮುಚ್ಚಿಕೊಂಡರು ಎಂದರೆ ನೋಡಿ. ಸುಕ್ರ ಓಡಿ ಬಂದು ಇಂಜಿನ್ ನಿಲ್ಲಿಸಿದ್ದಕ್ಕೆ ಅದು ಉಳಿಯಿತು.

“ಹೇಳಿದ ಹಾಗೆ ಮಾಡಿದೆ, ಅಬ್ಬಿ” ಎಂದ ಬಚ್ಚ, ಕೆಮ್ಮುತ್ತ.

ಪೂಜೆಗೆ ಇನ್ನು ಒಂದೇ ದಿನ. ಈ ಸಲ ಮೂಕಾಂಬು ಬುಟ್ಟಿ ಬಿಟ್ಟು ತಾನೇ ವರ್ಕ್‌ಶಾಪಿಗೆ ಹೋದಳು. ಉಪ್ಪಿಗೂ ಬಿಸಿಗೂ ತಡೆಯುವ ದಪ್ಪ ಸ್ಟೀಲನ್ನು ಆರಿಸಿ, ಅಳತೆ ಕೊಟ್ಟು, ಬಾಗಿಸಿ ಇಡಲಿಕ್ಕೆ ಹೇಳಿ ಬಂದಳು. ಪೂಜೆಯ ಬೆಳಿಗ್ಗೆ ಅದನ್ನು ಹೊತ್ತು ತರುವುದಷ್ಟೇ ಮಗನ ಕೆಲಸ. ಬರುವಾಗ ಸಮುದ್ರಕ್ಕೆ ಬಿಡಲಿಕ್ಕೆ ಸಿಪ್ಪೆ ಸುಲಿಯದ ಕಾಯಿಯೊಂದನ್ನು ತಾ ಎಂದಳು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಹೊಟ್ಟೆಯ ಉರಿ ಆರಿರಲಿಲ್ಲ.

“ಇನ್ನು ಮುಂದೆ ಕೈಗೆ ಸಿಕ್ಕಿದ್ದನ್ನೆಲ್ಲ ದೋಣಿಗೆ ತರಬೇಡ. ಏನೇ ಇರಲಿ, ಮೊದಲು ಉಪ್ಪುನೀರಿಗೆ ಹಾಕಿ ನೋಡು. ಉಪ್ಪು ತಿಂದದ್ದು ಹೋಗಲಿ, ತಿನ್ನದೆ ಉಳಿದದ್ದು ತಾ.”

ಬಚ್ಚ ತಲೆಯಾಡಿಸಿದ.

ಬೆಳಿಗ್ಗೆ ಪೂಜೆಯ ಗಂಟೆ ಕೇಳಿಸಿತು. ಒಂದೊಂದೇ ದೋಣಿ ಗುಡುಗುಡು ಎಂದು ಹೊಗೆ ಬಿಟ್ಟು ಅಳಿವೆ ದಾಟಿತು. ಸುಕ್ರ ಬೋಲ್ಟು ಬಿಗಿಯುವ ಪಾನ ಹಿಡಿದು ಇಂಜಿನ್ನಿನ ಪಕ್ಕದಲ್ಲೇ ಕೂತಿದ್ದ. ಅವನ ಜನ ಬೇರೆ ದೋಣಿಗಳ ಕಡೆಗೇ ನೋಡುತ್ತಿದ್ದರು. ಮೂಕಾಂಬು ದಾರಿ ನೋಡುತ್ತಿದ್ದಳು. ಬಚ್ಚ ಬಂದ. ಮೈಯೆಲ್ಲ ಒದ್ದೆ. ಕೈಯಲ್ಲಿ ಕಾಯಿ ಮಾತ್ರ ಇತ್ತು.

“ಪೈಪು ಎಲ್ಲಿ?”

“ಉಪ್ಪು ತಿಂದಿತು, ಅಬ್ಬಿ. ಹಾಕಿದ ಕೂಡಲೇ ತಿಂದಿತು, ಚೂರೂ ಉಳಿಸಲಿಲ್ಲ. ಪಾಸ್ಕಲಣ್ಣ ನಿನಗೆ ಮೋಸ ಮಾಡಿದ.” ಕಾಯಿಯನ್ನು ಸುಕ್ರನ ಕೈಗೆ ನೀಡಿದ. “ಇದನ್ನು ಎಷ್ಟು ಸಲ ಹಾಕಿದರೂ ತಿರುಗಿ ಬಂತು. ಇದನ್ನೇ ಕೂರಿಸು, ಸುಕ್ರಣ್ಣ.”

ಮೂಕಾಂಬು ಬೈಯಲಿಕ್ಕೆ ಬಾಯಿ ತೆರೆದಳು. ಹಾಗೇ ಮುಚ್ಚಿದಳು. ಬೈದರೆ ಕೊನೆಗೆ ಒಂದು ಬುದ್ಧಿಮಾತು ಬಂದುಬಿಡುತ್ತದೆ, ಅದನ್ನೂ ಮಾಡಿಯಾನು.

ಸುಕ್ರ ಕಾಯಿಯನ್ನು ಪಕ್ಕಕ್ಕಿಟ್ಟು ಅಂಗಿ ಬಿಚ್ಚಿದ. ಅವನ ಜನರೂ ಬಿಚ್ಚಿದರು. ಇಳಿತದ ಹೊತ್ತು, ನೀರು ಆಳವಿಲ್ಲ, ಮುಳುಗಿದರೆ ಸಿಕ್ಕೀತು, ಮಧ್ಯಾಹ್ನದೊಳಗೆ ಹೊರಡಬಹುದು ಎಂದು ಮೂಕಾಂಬುವಿಗೆ ಧೈರ್ಯ ಹೇಳಿದ.

“ಎಲ್ಲಿ ಹಾಕಿದೆ ತಮ್ಮಾ? ಏನಾದರೂ ಗುರುತು ಇಟ್ಟುಕೊಂಡಿದ್ದೀಯಾ?”

“ಗುರುತಿಲ್ಲದೆ ಹಾಕುತ್ತೇನಾ?” ಎಂದ ಬಚ್ಚ. ಸುಕ್ರನ ಪಕ್ಕದಿಂದ ಕಾಯಿ ತೆಗೆದುಕೊಂಡು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. “ಈ ಕಾಯಿ ತೇಲುತ್ತಿತ್ತಲ್ಲ, ಸರಿಯಾಗಿ ಅದರ ಬುಡದಲ್ಲೇ.”