ಒದ್ದೆ ಮರಳಿನ ಕುಪ್ಪಯ್ಯ

ಈಗಿರುವ ಯಾರ ಅಜ್ಜನ ಅಜ್ಜನೂ ಹುಟ್ಟಿರದ ಕಾಲ. ಹೊಳೆ ಹೋಗಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಕುಪ್ಪಯ್ಯ ಅಂತ ಒಬ್ಬನಿದ್ದನಂತೆ. ಬಲೆ ಹೆಣೆಯುವುದು, ಹರಿದ ಬಲೆ ಸರಿಮಾಡುವುದು ಅವನ ಕೆಲಸ. ಮಾತು ಕಡಿಮೆ.

ಊರಿನವರಿಗೆ ಮಾತ್ರ ಮಾತು ಹೆಚ್ಚು. ತೆರೆಯ ಸದ್ದು ಮೀರಿ ಕೂಗಿ ಕೂಗಿ ಅವರ ಗಂಟಲೇ ಹಾಗಾಗಿತ್ತು. ಸಭೆ ಸೇರಿದರೆ ಎಲ್ಲರೂ ಒಟ್ಟಿಗೇ ಆಡುವವರು, ಕೇಳುವವರು ಯಾರೂ ಇಲ್ಲ. ದೊಡ್ಡ ಗಂಟಲಿನವನದ್ದೇ ನ್ಯಾಯ. ಸೋತವನು ಮನೆಗೆ ಹೋಗಿ ಹಗೆಯನ್ನು ಒಲೆಯ ಕೆಂಡದ ಹಾಗೆ ಬೂದಿ ಮುಚ್ಚಿ ಕಾಯುತ್ತಿದ್ದ.

ಒಮ್ಮೆ ಅಳಿವೆಯಲ್ಲಿ ಯಾರು ಮೊದಲು ಬಲೆ ಬಿಡಬೇಕು ಅಂತ ತೆಂಕಕೇರಿಗೂ ಬಡಗಕೇರಿಗೂ ಜಗಳ ಹತ್ತಿತು. ದೋಣಿಯ ಹುಟ್ಟುಗಳು ಕೈಗೆ ಬಂದವು. ಆಗ ಕುಪ್ಪಯ್ಯ ಒಂದು ಬಿದಿರುಕೋಲು ಹಿಡಿದು ನಡುವೆ ಬಂದು, ಇಳಿತದ ಒದ್ದೆ ಮರಳಿನಲ್ಲಿ ಅಳಿವೆಯ ಚಿತ್ರ ಬರೆದನಂತೆ. ಬಾಯಲ್ಲಿ ಬೇಡ, ಇಲ್ಲಿ ತೋರಿಸಿ ಅಂದನಂತೆ. ತೆಂಕಕೇರಿಯ ಹಮ್ಮಣ್ಣ ಸಿಟ್ಟಿನಲ್ಲೇ ಕೋಲು ಕಿತ್ತುಕೊಂಡು ತನ್ನ ದೋಣಿ ಬರೆದ.

"ಅದೆಂತದು ಮಾರಾಯ, ದೋಣಿಯೋ ಬಸಳೆ ಚಪ್ಪರವೋ?" ಅಂತ ಬಡಗಕೇರಿಯವನೊಬ್ಬ ಕೇಳಿದ.

"ನಿನ್ನ ಮೋರೆಗಿಂತ ಚೆಂದ ಇದೆ, ಸುಮ್ಮನಿರು."

ಎಲ್ಲರೂ ನಕ್ಕರು. ನಕ್ಕ ಮೇಲೆ ಚಿತ್ರ ನೋಡಿದರು. ಒಂದು ಕೇರಿ ಬರೆದದ್ದು ನೀರು ಏರುವಾಗಿನ ಮೀನಿನ ದಾರಿ, ಇನ್ನೊಂದು ಕೇರಿ ಬರೆದದ್ದು ನೀರು ಇಳಿಯುವಾಗಿನ ದಾರಿ. ಜಗಳವೇ ಇರಲಿಲ್ಲ. ಭರತಕ್ಕೆ ಒಬ್ಬರು, ಇಳಿತಕ್ಕೆ ಒಬ್ಬರು ಅಂತ ಆಯಿತು.

ಅಂದಿನಿಂದ ಊರಿನ ಮಾತೆಲ್ಲ ಒದ್ದೆ ಮರಳಿಗೆ ಬಂತಂತೆ. ಕೋಲು ಹಿಡಿದವನೇ ಮಾತಾಡಬೇಕು. ಬೆರಳು ಮನುಷ್ಯನ ಕಡೆ ಹೋಗಬಾರದು, ಚಿತ್ರದ ಕಡೆ ಹೋಗಬೇಕು. ಒಬ್ಬನ ಗೆರೆಯನ್ನು ಇನ್ನೊಬ್ಬ ಅಳಿಸಬಾರದು, ತುಳಿಯಬಾರದು. ತೆರೆ ಬಂದು ಚಿತ್ರ ಒಯ್ದರೆ ಮಾತು ಮುಗಿಯಿತು. ಕಡಲು ಒರೆಸಿದ್ದನ್ನು ಮನೆಯಲ್ಲಿ ಕೂತು ಮತ್ತೆ ಬರೆಯಬಾರದು. ಕುಪ್ಪಯ್ಯ ಮೊದಲ ಗೆರೆ ಮಾತ್ರ ಹಾಕುತ್ತಿದ್ದ. ತನ್ನ ಮಾತು ಅಂತ ಒಂದು ಗೆರೆಯನ್ನೂ ಹಾಕುತ್ತಿರಲಿಲ್ಲ. ಅವನು ಬರೆದ ಮೀನನ್ನು ಕಾಗೆ ಕುಕ್ಕಿತು ಅಂತಾರೆ. ಏಡಿಗಳು ಅವನ ಗೆರೆ ದಾಟದೆ ಸುತ್ತಿ ಹೋಗುತ್ತಿದ್ದವು ಅಂತಾರೆ. ಇರಬಹುದು. ಆದರೆ ಜನ ಅವನನ್ನು ನೆನೆಯುವುದು ಅದಕ್ಕಲ್ಲ.

ಅಲ್ಲಿ ದೊಡ್ಡ ಬಲೆ ಹಾಕುವ ಪದ್ಧತಿ ಹೀಗೆ. ಹಗ್ಗದ ಒಂದು ತುದಿ ದಂಡೆಯವರ ಕೈಯಲ್ಲಿರುತ್ತದೆ. ದೋಣಿ ಬಲೆ ಬಿಡುತ್ತ ಕಡಲಲ್ಲಿ ಸುತ್ತು ಹಾಕುತ್ತದೆ. ದೋಣಿಯವರು ಹುಟ್ಟು ಎತ್ತಿ ತೋರಿಸಿದ ಮೇಲೆ ದಂಡೆಯಲ್ಲಿ ಹೆಂಗಸರು ಗಂಡಸರು ಎಲ್ಲ ಸೇರಿ ಎಳೆಯುತ್ತಾರೆ.

ಒಂದು ದಿನ ಬಲೆ ಬಿಡುತ್ತಿದ್ದಾಗ ಸೋನೆ ಬಂದು ದೋಣಿ ಮರೆಯಾಯಿತು. ಹುಟ್ಟು ಕಂಡಿತು ಅಂತ ಯಾರೋ ಅಂದರು. ಯಾರು ಅಂತ ಆಮೇಲೆ ಯಾರಿಗೂ ನೆನಪಾಗಲಿಲ್ಲ. ಎಳೆದರು. ಹಗ್ಗ ಭಾರವಾಯಿತು. ಭಾರವಾದಷ್ಟೂ ಹಿಗ್ಗಿ ಎಳೆದರು. ಎಲ್ಲರಿಗಿಂತ ಮುಂದೆ ಕುಪ್ಪಯ್ಯನ ಹೆಂಡತಿ ದುರ್ಗಿ, ಪದ ಹಾಡುತ್ತ ಎಳೆದಳು. ಒಮ್ಮೆಲೇ ಹಗ್ಗ ಸಡಿಲಾಯಿತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರಂತೆ.

ಹಗ್ಗದ ತುದಿ ಬಂತು. ಕತ್ತಿಯಲ್ಲಿ ಕೊಯ್ದ ತುದಿ. ಆಮೇಲೆ ದೋಣಿಯ ಹಲಗೆಗಳು ಬಂದವು. ಆಮೇಲೆ ಹೆಣಗಳು. ಕುಪ್ಪಯ್ಯನ ಮಗ ಬೊಮ್ಮನೂ ಹಾಗೆಯೇ ಬಂದ. ಬದುಕಿ ಬಂದವನು ಚುಕ್ಕಾಣಿ ಹಿಡಿದಿದ್ದ ನಾಗು ಒಬ್ಬನೇ. ಕುಪ್ಪಯ್ಯನ ಸತ್ತ ತಂಗಿಯ ಮಗ ಅವನು. ಬೊಮ್ಮನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು.

ಕೇಳಿದ್ದಕ್ಕೆ ನಾಗು, ಹಗ್ಗ ಕೊಯ್ದವನು ನಾನೇ ಅಂದ. ಮತ್ತೆ ಬಾಯಿ ಬಿಡಲಿಲ್ಲ. ದಂಡೆಯ ಆಸರೆ ಕಡಿದು ದೋಣಿಯನ್ನು ಕಡಲಿಗೆ ಕೊಟ್ಟು, ತಾನು ಈಜಿ ಬಂದ ಅಂತ ಊರು ತೀರ್ಮಾನಿಸಿತು. ಎಲ್ಲರಿಗಿಂತ ಗಟ್ಟಿಯಾಗಿ ಅಂದವಳು ದುರ್ಗಿ. ಅವನಿಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು, ಊರು ಬಿಡಿಸಬೇಕು ಅಂದಳು. ಕುಪ್ಪಯ್ಯ ಒಬ್ಬನನ್ನು ಮಣ್ಣಿಗೆ ಕೊಟ್ಟು ಬಂದಿದ್ದ. ಇನ್ನೊಬ್ಬನೂ ಹೋಗುವ ಹಾಗಾಯಿತು.

ಇಳಿತಕ್ಕೆ ಸಭೆ ಸೇರಿತು. ಕುಪ್ಪಯ್ಯ ಮರಳಿನಲ್ಲಿ ದಂಡೆ ಬರೆದ. ಬಲೆ ಬರೆದ. ಹಲಗೆ ತೇಲಿಬಂದ ದಿಕ್ಕು ನೋಡಿ ದೋಣಿ ಬರೆದ. ನೀವು ನಿಂತದ್ದೆಲ್ಲಿ, ಹಗ್ಗ ಹೋದದ್ದು ಯಾವ ಕಡೆ, ಬಿಗಿಯೋ ಸಡಿಲವೋ, ಗೆರೆ ಹಾಕಿ ಹೇಳಿ ಅಂದ. ಒಬ್ಬೊಬ್ಬರೇ ಬಂದರು. ಬಿಗಿಯಾಗಿತ್ತು ಅಂದರು. ನೆಟ್ಟಗೆ ಗೆರೆ ಹಾಕಿದರು. ಎಲ್ಲರ ಗೆರೆಯೂ ನೆಟ್ಟಗೆ.

ಕುಪ್ಪಯ್ಯ ನೋಡಿದ. ಬಲೆ ಹೆಣೆಯುವವನು ಅವನು. ಬಲೆ ಹೊತ್ತ ಹಗ್ಗ ತೆರೆಯ ಜೊತೆ ಬಾಗುತ್ತದೆ ಅಂತ ಅವನಿಗೆ ಗೊತ್ತು. ಈ ಗೆರೆಗಳು ಬಾಗಿರಲಿಲ್ಲ. ಬಲೆಯ ಕಡೆ ಹೋಗಿರಲೂ ಇಲ್ಲ. ಎಲ್ಲವೂ ದೋಣಿಯ ಕಡೆಗೇ ಹೋಗಿದ್ದವು. ಹಗ್ಗ ದೋಣಿಯ ಮೂತಿಗೆ ಸಿಕ್ಕಿಕೊಂಡಿತ್ತು. ಊರೇ ಸೇರಿ ದೋಣಿಯನ್ನು ತೆರೆಗೆ ಅಡ್ಡ ಎಳೆದು ಮಗುಚಿತ್ತು. ನಾಗು ಹಗ್ಗ ಕೊಯ್ದದ್ದು ದೋಣಿಯವರನ್ನು ಉಳಿಸಲಿಕ್ಕೆ.

ಕೋಲನ್ನು ನಾಗುವಿನ ಮುಂದೆ ಹಿಡಿದ. ನಾಗು ಮುಟ್ಟಲಿಲ್ಲ. "ಚಿತ್ರ ಬೇಡ ಮಾವ. ನನ್ನನ್ನು ಕಳಿಸಿಬಿಡು," ಅಂದ. ಅವನ ಕಣ್ಣು ದುರ್ಗಿಯ ಮೇಲಿತ್ತು. ಇಷ್ಟು ದಿನ ಅವನು ಬಾಯಿ ಬಿಡದ ಕಾರಣ ಕುಪ್ಪಯ್ಯನಿಗೆ ಆಗ ತಿಳಿಯಿತು.

ಕುಪ್ಪಯ್ಯ ಕಡಲು ನೋಡಿದ. ತೆರೆ ದೂರವಿತ್ತು. ಬೇಗ ಬರಲಿ ಅಂತ ಅವನು ಬೇಡಿಕೊಂಡದ್ದು ಅದೊಂದೇ ದಿನವಂತೆ. ಬರಲಿಲ್ಲ. ಕಾಲು ಎತ್ತಿ ಗೆರೆಯ ಮೇಲೆ ಹಿಡಿದ ಅಂತಾರೆ. ಊರಿ ತುಳಿದರೆ ತಾಯಂದಿರು ಉಳಿಯುತ್ತಾರೆ, ನಾಗು ಹೋಗುತ್ತಾನೆ. ತುಳಿಯದಿದ್ದರೆ ನಾಗು ಉಳಿಯುತ್ತಾನೆ, ಮಕ್ಕಳನ್ನು ಮುಳುಗಿಸಿದ್ದು ತಮ್ಮ ಕೈಯೇ ಅಂತ ತಾಯಂದಿರಿಗೆ ಗೊತ್ತಾಗುತ್ತದೆ. ಕಾಲು ಎಷ್ಟು ಹೊತ್ತು ಹಾಗೇ ಇತ್ತೋ. ಹಿಂದಕ್ಕೆ ತೆಗೆದುಕೊಂಡ. ಕೋಲನ್ನು ದುರ್ಗಿಯ ಕೈಗೆ ಕೊಟ್ಟ.

ದುರ್ಗಿ ಎಲ್ಲರಿಗಿಂತ ಮುಂದೆ ನಿಂತವಳು. ಅಲ್ಲಿಂದ ಗೆರೆ ಶುರುಮಾಡಿದಳು. ಕೋಲು ನೆಟ್ಟಗೆ ಹೋಯಿತು. ದೋಣಿಯ ಮೂತಿಗೆ ತಾಗಿ ನಿಂತಿತು. ಅವಳು ಕೋಲು ಎತ್ತಲಿಲ್ಲ.

"ಭಾರ ಇತ್ತು," ಅಂದಳು. "ಬಂಗಡೆ ಬಿದ್ದಿದೆ, ಬಿಡಬೇಡಿ ಎಳೆಯಿರಿ ಅಂತ ಕೂಗಿದೆನಲ್ಲ ನಾನು."

ಅಂಥ ಗಂಟಲಿನ ಊರು ಚಿತ್ರದ ಸುತ್ತ ಸುಮ್ಮನೆ ಕೂತಿತು. ನೀರು ಏರಿ ಮೊದಲು ಬಲೆ ಹೋಯಿತು. ಆಮೇಲೆ ದೋಣಿ. ದುರ್ಗಿಯ ಗೆರೆ ಕೊನೆಗೆ ಹೋಯಿತು. ಆಗ ಅವಳು ಎದ್ದು ನಾಗುವಿನ ಕೈ ಹಿಡಿದು ಮನೆಗೆ ಕರೆದೊಯ್ದು ಗಂಜಿ ಬಡಿಸಿದಳಂತೆ. ಆಮೇಲೆ ಸಾಯುವ ತನಕ ಅವಳು ಹಾಡಲಿಲ್ಲ.

ಕುಪ್ಪಯ್ಯ ಮತ್ತೆ ಸಭೆಗೆ ಗೆರೆ ಹಾಕಲಿಲ್ಲ. ಕರೆಯಲು ಬಂದವರಿಗೆ ಕೋಲು ತೋರಿಸಿ, ನೀವೇ ಹಾಕಿ ಅನ್ನುತ್ತಿದ್ದ. ಆದರೆ ದಿನಾ ಇಳಿತಕ್ಕೆ ಒಬ್ಬನೇ ದಂಡೆಗೆ ಹೋಗಿ ಒಂದು ದೋಣಿ ಬರೆಯುತ್ತಿದ್ದನಂತೆ. ದೋಣಿಯ ಮೂತಿ ದಂಡೆಯ ಕಡೆಗೆ. ಹಗ್ಗ ಇಲ್ಲ. ತೆರೆ ಒಯ್ಯುವ ತನಕ ಪಕ್ಕದಲ್ಲೇ ಕೂತಿದ್ದು ಎದ್ದು ಬರುತ್ತಿದ್ದ.

ಈಗಲೂ ಆ ಊರಿನ ಸಭೆ ಸೇರುವುದು ಇಳಿತದ ಮರಳಿನಲ್ಲೇ. ಗೆರೆ ಹಾಕದೆ ಯಾರೂ ಮಾತು ಎತ್ತುವುದಿಲ್ಲ. ದೊಡ್ಡ ಬಲೆ ಎಳೆಯುವಾಗ ಹಗ್ಗ ಭಾರವಾದರೆ ಮುಂದಿನವರು "ಕುಪ್ಪಯ್ಯಾ" ಅಂತ ಕೂಗುತ್ತಾರೆ. ಕೂಗಿದ ಕೂಡಲೇ ಎಲ್ಲರೂ ಕೈ ಬಿಡುತ್ತಾರೆ. ಹಗ್ಗ ಮರಳಿಗೆ ಬೀಳುತ್ತದೆ. ಕಡಲಲ್ಲಿ ಎತ್ತಿದ ಹುಟ್ಟನ್ನು ಒಬ್ಬೊಬ್ಬರೂ ತಮ್ಮ ಕಣ್ಣಲ್ಲೇ ಕಂಡು "ಕಂಡೆ" ಅನ್ನುವ ತನಕ ಯಾರೂ ಹಗ್ಗ ಮುಟ್ಟುವುದಿಲ್ಲ. ಅಷ್ಟರಲ್ಲಿ ಎಷ್ಟೋ ಮೀನು ತಪ್ಪಿಸಿಕೊಂಡು ಹೋಗುತ್ತದೆ. ಹೋದರೆ ಹೋಗಲಿ ಅಂತ ನಿಂತಿರುತ್ತಾರೆ.